ಬೆಣೆ ಯಾವ ಬದಿಗೆ? ದೋಣಿಯ ಹಿಂದಿನ ಅಲೆಯನ್ನು ಮನೆಯಲ್ಲೇ ತಿದ್ದುವ ಬಗೆ

ಪ್ರಶ್ನೆ: ನಾವು ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದೇವೆ. ಕಳೆದ ವರ್ಷ 2004ರ ಮಾಡೆಲ್‌ನ 21 ಅಡಿ ಉದ್ದದ ಹಳೆಯ ವಿ-ಡ್ರೈವ್ (ಎಂಜಿನ್ ಒಳಗೆ, ಪ್ರೊಪೆಲರ್ ಅಡಿಯಲ್ಲಿ ಇರುವ) ದೋಣಿ ಕೊಂಡು ಲೇಕ್ ಟ್ರಾವಿಸ್‌ನಲ್ಲಿ ಓಡಿಸುತ್ತಿದ್ದೇವೆ. ಹದಿನಾಲ್ಕರ ಮಗನಿಗೆ ವೇಕ್‌ಸರ್ಫಿಂಗ್ ಹುಚ್ಚು, ಅಂದರೆ ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆಯಲ್ಲಿ ನಿಂತು ಜಾರುವ ಆಟ. ಎಡಗಾಲು ಮುಂದಿಟ್ಟು ನಿಲ್ಲುತ್ತಾನೆ, ಹಾಗಾಗಿ ದೋಣಿಯ ಎಡಬದಿಯ ಅಲೆ ಹಿಡಿಯುತ್ತಾನೆ. ಆದರೆ ದೋಣಿಯಿಂದ ಎಳೆಯುವ ಹಗ್ಗ ಬಿಟ್ಟ ಎರಡೇ ಸೆಕೆಂಡಿಗೆ ಅಲೆ ನೊರೆಯಾಗಿ ಕುಸಿಯುತ್ತದೆ. ಹೊಸ ಸರ್ಫ್ ದೋಣಿಗಳ ಬೆಲೆ ನಮ್ಮ ಕೈಗೆ ಎಟುಕುವುದಲ್ಲ. ಪ್ಲೈವುಡ್ಡಿನ ಒಂದು ಬೆಣೆ ಮಾಡಿ, ಬಚ್ಚಲುಮನೆಯ ಸಕ್ಷನ್ ಹಿಡಿಕೆ ಮೂರು ಹಾಕಿ, ಎಡಬದಿಗೆ ಅಂಟಿಸಿ ನೋಡಿದೆ. ಅಲೆ ಇನ್ನೂ ಕೆಟ್ಟಿತು, ಮೂರನೇ ಸುತ್ತಿಗೆ ಬೆಣೆ ಕಿತ್ತುಹೋಗಿ ಮುಳುಗಿತು. ಈಗ ಹಿಂಬದಿಗೆ ಬೋಲ್ಟ್ ಹೊಡೆದು, ಮೋಟಾರಿನಿಂದ ಪಕ್ಕಕ್ಕೆ ಚಾಚುವ ಹಲಗೆ, ಅಂದರೆ ಗೇಟ್ ಕೂರಿಸಬೇಕೆಂದಿದ್ದೇನೆ. ಹೇಗೆ ಮಾಡಲಿ?

ಉತ್ತರ: ಬೋಲ್ಟಿಗೆ ತೂತು ಕೊರೆಯುವ ಮುಂಚೆ ಬರೆದದ್ದು ಒಳ್ಳೆಯದಾಯಿತು. ನಿಮ್ಮ ಕೆಲಸದಲ್ಲಿ ಎರಡು ತಪ್ಪುಗಳಿವೆ, ಎರಡೂ ತಿದ್ದಬಹುದಾದವು. ಮೊದಲನೆಯದು, ಬೆಣೆಯನ್ನು ಎಡಬದಿಗೆ ಹಾಕಿದ್ದು. ಎಡಗಡೆಯ ಅಲೆ ಬೇಕಾದರೆ ಬೆಣೆ ಬಲಗಡೆಗೆ ಬರಬೇಕು. ಈ ಆಟ ಶುರುಮಾಡಿದವರಲ್ಲಿ ಬಹಳ ಮಂದಿ ಇದನ್ನೇ ಮಾಡುತ್ತಾರೆ, ಯಾಕೆಂದರೆ ಅಲೆ ಬೇಕಾದ ಕಡೆಗೆ ಅದನ್ನು ಎಬ್ಬಿಸುವ ವಸ್ತು ಇರಬೇಕು ಎಂದು ಮನಸ್ಸಿಗೆ ತೋಚುವುದು ಸಹಜ. ಬೆಣೆ ಅಲೆಯನ್ನು ಎಬ್ಬಿಸುವುದೇ ಇಲ್ಲ.

ಅಲೆಯನ್ನು ಎಬ್ಬಿಸುವುದು ತೂಕ. ದೋಣಿ ಮುಂದೆ ಸರಿಯುವಾಗ ತನ್ನ ತೂಕದಷ್ಟು ನೀರನ್ನು ಪಕ್ಕಕ್ಕೂ ಕೆಳಕ್ಕೂ ತಳ್ಳಿಕೊಂಡೇ ಹೋಗುತ್ತದೆ. ಹಿಂಬದಿಯ ಹಲಗೆ ದಾಟಿದ ಕ್ಷಣ ಅಲ್ಲೊಂದು ಹಳ್ಳ ಉಳಿಯುತ್ತದೆ, ಆ ಹಳ್ಳ ತುಂಬಲು ಎಡದಿಂದಲೂ ಬಲದಿಂದಲೂ ನೀರು ನುಗ್ಗುತ್ತದೆ. ಎರಡೂ ಒಂದೇ ಹೊತ್ತಿಗೆ ಬಂದು ನಡುವೆ ಡಿಕ್ಕಿ ಹೊಡೆದರೆ ನೊರೆ ಏಳುತ್ತದೆ, ಆ ನೊರೆ ಎರಡೂ ಬದಿಯ ಅಲೆಗಳ ಬುಡವನ್ನು ಕದಡುತ್ತದೆ. ನಿಮ್ಮ ಮಗ ನಿಂತಿರುವುದು ಆ ಕದಡಿದ ಬುಡದ ಮೇಲೆ. ಬಲಗಡೆ ಒಂದು ಬೆಣೆ ಇಟ್ಟರೆ ಆ ಬದಿಯ ನೀರು ಹೊರಗೆ ತಿರುಗಿ, ಹಳ್ಳಕ್ಕೆ ಸ್ವಲ್ಪ ತಡವಾಗಿ ಸೇರುತ್ತದೆ. ಅಷ್ಟರಲ್ಲಿ ಎಡಗಡೆಯ ನೀರು ಯಾರ ಅಡ್ಡಿಯೂ ಇಲ್ಲದೆ ಒಳಬಂದು, ಮೇಲೆದ್ದು, ನುಣುಪಾದ ಮೈಯ ಅಲೆಯಾಗಿ ನಿಲ್ಲುತ್ತದೆ. ಡಿಕ್ಕಿ ತಪ್ಪುವುದಿಲ್ಲ, ಹಿಂದಕ್ಕೆ ಸರಿಯುತ್ತದೆ ಅಷ್ಟೇ. ಗದ್ದೆಗೆ ನೀರು ಬಿಡುವವರು ಮಡೆಯ ಒಂದು ಕಡೆ ಒಂದು ಹೆಂಟೆ ಮಣ್ಣಿಟ್ಟು ಇನ್ನೊಂದು ಕಡೆಯ ಹರಿವನ್ನು ಸರಿಮಾಡುವುದನ್ನು ಕಂಡಿದ್ದರೆ, ಇದು ಅದೇ ಕೆಲಸ.

ಇದು ಗೊತ್ತಾಗಲು ಮೋಟಾರು ಸರ್ಫಿಂಗ್ ಲೋಕಕ್ಕೆ ಸಾಕಷ್ಟು ಕಾಲ ಹಿಡಿಯಿತು. ಅದಕ್ಕೂ ಮೊದಲು ಎಲ್ಲರೂ ಮಾಡುತ್ತಿದ್ದದ್ದು ಒಂದೇ ಉಪಾಯ: ಬೇಕಾದ ಬದಿಯ ಹಿಂದಿನ ಮೂಲೆಗೆ ನೀರಿನ ಚೀಲ, ಸೀಸದ ತುಂಡು, ಮನೆಮಂದಿ ಎಲ್ಲರನ್ನೂ ಕೂರಿಸಿ ದೋಣಿಯನ್ನು ಆ ಕಡೆಗೆ ವಾಲಿಸುವುದು. ಅಲೆ ಬರುತ್ತಿತ್ತು, ಆದರೆ ದೋಣಿಯಲ್ಲಿ ಸರಿಯಾಗಿ ಕೂರುವ ಹಾಗಿರಲಿಲ್ಲ, ಚುಕ್ಕಾಣಿ ಎಳೆಯುತ್ತಿತ್ತು, ಬಲಗಾಲು ಮುಂದಿಡುವವರ ಸರದಿ ಬಂದರೆ ಎಲ್ಲ ತೂಕವನ್ನೂ ಇನ್ನೊಂದು ಕಡೆಗೆ ಸಾಗಿಸಬೇಕಿತ್ತು. 2012ರಲ್ಲಿ ದೋಣಿ ತಯಾರಿಸುವ ಮಾಲಿಬು ಕಂಪನಿ ‘ಸರ್ಫ್ ಗೇಟ್’ ಹೊರತಂದಾಗ ದೋಣಿ ಮಟ್ಟಸವಾಗಿದ್ದೂ ಅಲೆ ಒಂದು ಬದಿಗೆ ನಿಲ್ಲಬಹುದೆಂದು ಜನ ಕಂಡರು. ಬಳಿಕ ಉಳಿದ ಕಂಪನಿಗಳೂ ತಮ್ಮ ತಮ್ಮ ವ್ಯವಸ್ಥೆ ತಂದವು, ಪೇಟೆಂಟ್ ಮೊಕದ್ದಮೆಗಳೂ ನಡೆದವು. ಆ ಪೇಟೆಂಟ್ ವಿಷಯ ನೀವೂ ತಿಳಿದಿರಬೇಕು. ಅಮೆರಿಕದ ಕಾನೂನಿನಲ್ಲಿ ಪೇಟೆಂಟ್ ಇರುವ ವಸ್ತುವನ್ನು ಮಾರುವುದಷ್ಟೇ ಅಲ್ಲ, ಅನುಮತಿಯಿಲ್ಲದೆ ಮಾಡುವುದು, ಬಳಸುವುದು ಕೂಡ ಉಲ್ಲಂಘನೆಯ ವ್ಯಾಖ್ಯೆಯೊಳಗೆ ಬರುತ್ತದೆ. ಹಿಂಬದಿಯ ಮೂಲೆಗೆ ಕೀಲು ಹಾಕಿ, ಮೋಟಾರಿನಿಂದ ಚಾಚುವ ಗೇಟ್ ಅಂದಾಗ ನೀವು ಆ ಗಡಿಯ ಹತ್ತಿರ ಹೋಗುತ್ತೀರಿ. ಬೋಲ್ಟಿನ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ ಎಂದು ನಾನು ಹೇಳಲು ಇದೂ ಒಂದು ಕಾರಣ, ದೊಡ್ಡ ಕಾರಣ ಬೇರೆ ಇದೆ, ಬರುತ್ತೇನೆ.

ಮುಂದುವರಿಯುವ ಮುನ್ನ ಓದುವ ಬೇರೆಯವರಿಗಾಗಿ ಒಂದು ಮಾತು. ಈ ಉತ್ತರವೆಲ್ಲ ಒಳಗೆ ಎಂಜಿನ್ ಇದ್ದು, ಪ್ರೊಪೆಲರ್ ದೋಣಿಯ ಹೊಟ್ಟೆಯ ಕೆಳಗೆ ಅಡಗಿರುವ ದೋಣಿಗೆ ಮಾತ್ರ. ನಿಮ್ಮದು ವಿ-ಡ್ರೈವ್ ಆದ್ದರಿಂದ ಸರಿ. ಹಿಂದೆ ತೂಗುವ ಔಟ್‌ಬೋರ್ಡ್ ಎಂಜಿನ್ ಅಥವಾ ಎಂಜಿನ್ ಒಳಗಿದ್ದರೂ ಪ್ರೊಪೆಲರ್ ಹಿಂಬದಿಯಾಚೆ ಚಾಚಿರುವ ಸಾಮಾನ್ಯ ಸ್ಟರ್ನ್ ಡ್ರೈವ್ ದೋಣಿಯ ಹಿಂದೆ ಈ ಆಟ ಆಡಲೇಬಾರದು. ಸರ್ಫ್ ಮಾಡುವವರು ಹಿಂಬದಿಯಿಂದ ಕೆಲವೇ ಅಡಿ ದೂರದಲ್ಲಿರುತ್ತಾರೆ, ಬಿದ್ದಾಗ ದೋಣಿಯತ್ತಲೇ ಜಾರಬಹುದು. ಅಲ್ಲಿ ಪ್ರೊಪೆಲರ್ ತೆರೆದ ಕತ್ತಿಯ ಹಾಗೆ ಸುತ್ತುತ್ತಿರುತ್ತದೆ. ವೋಲ್ವೊ ಪೆಂಟಾ 2015ರಲ್ಲಿ ಪ್ರೊಪೆಲರನ್ನು ಮುಂದಕ್ಕೆ ತಿರುಗಿಸಿ ದೋಣಿಯ ಅಡಿಗೆ ತಂದ ‘ಫಾರ್ವರ್ಡ್ ಡ್ರೈವ್’ ಮಾಡಿದ್ದು ಈ ಅಪಾಯ ತಪ್ಪಿಸಲೆಂದೇ. ಬೆಣೆ ಎಷ್ಟೇ ಚೆನ್ನಾಗಿದ್ದರೂ ತಪ್ಪು ದೋಣಿಯನ್ನು ಸರಿ ದೋಣಿ ಮಾಡುವುದಿಲ್ಲ.

ಈಗ ನಿಮ್ಮ ಎರಡನೆಯ ತಪ್ಪಿಗೆ ಬರೋಣ. ಬೆಣೆ ಯಾಕೆ ಕಿತ್ತುಹೋಯಿತು? ಲೆಕ್ಕ ಹಾಕಿ ನೋಡಿದರೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಸರ್ಫಿಂಗ್ ವೇಗ ಗಂಟೆಗೆ ಸುಮಾರು 11 ಮೈಲಿ, ಅಂದರೆ ಸೆಕೆಂಡಿಗೆ 4.9 ಮೀಟರ್. ಈ ವೇಗದ ನೀರು ಅಡ್ಡ ನಿಂತ ವಸ್ತುವಿನ ಮೇಲೆ ಹಾಕುವ ಒತ್ತಡ ಚದರ ಮೀಟರಿಗೆ ಹೆಚ್ಚುಕಡಿಮೆ 1,200 ಕೆ.ಜಿ. ಭಾರದಷ್ಟು. 40 ಸೆಂ.ಮೀ. ಉದ್ದ, 30 ಸೆಂ.ಮೀ. ಎತ್ತರದ ಹಲಗೆ ಅಂದುಕೊಳ್ಳಿ. ಅದರ ಮೇಲೆ ಬೀಳಬಹುದಾದ ಬಲ ಗರಿಷ್ಠವೆಂದರೆ 145 ಕೆ.ಜಿ. ಆಸುಪಾಸು. ಹಲಗೆ ದೋಣಿಯ ಮೈಗೆ 20 ಡಿಗ್ರಿ ಓರೆಯಾಗಿದ್ದರೆ ಈ ಬಲದ ಬಹುಪಾಲು ಅದನ್ನು ದೋಣಿಯ ಮೈಗೇ ಒತ್ತುತ್ತದೆ. ಹಿಂದಕ್ಕೆ ಎಳೆಯುವ ಪಾಲು ಸುಮಾರು 50 ಕೆ.ಜಿ. ಈ 50 ಕೆ.ಜಿ.ಯನ್ನು ನಿಮ್ಮ ಹಿಡಿಕೆಗಳ ರಬ್ಬರ್ ಸಕ್ಷನ್ ಕಪ್ಪುಗಳು ಜಾರದೆ ಹಿಡಿಯಬೇಕು. ಬಚ್ಚಲಿನ ಹಿಡಿಕೆಯ 8 ಸೆಂ.ಮೀ. ಕಪ್ಪು ಪೂರ್ತಿ ನಿರ್ವಾತ ಮಾಡಿದರೂ ತಲಾ 50 ಕೆ.ಜಿ. ಒತ್ತಿ ಹಿಡಿಯುತ್ತದೆ. ಕೈಯಿಂದ ಮಡಚಿ ಕೂರಿಸಿದಾಗ ಅದರ ಹತ್ತಿರಕ್ಕೂ ಬರುವುದಿಲ್ಲ. ಒದ್ದೆ ಮೈಮೇಲೆ ಜಾರುವಿಕೆ ತಡೆಯುವ ಶಕ್ತಿ ಅದರಲ್ಲೂ ಮೂರನೇ ಒಂದು ಪಾಲು. ಕಿತ್ತುಹೋಗದಿದ್ದರೆ ಆಶ್ಚರ್ಯ.

ಇನ್ನೂ ಒಂದು ಸಂಗತಿ ನೆನಪಿಡಿ: ವೇಗ ಎರಡು ಪಟ್ಟಾದರೆ ಈ ಬಲ ನಾಲ್ಕು ಪಟ್ಟು. ಯಾರೋ ಮರೆತು 22 ಮೈಲಿಗೆ ಎತ್ತಿದರೆ ಅದೇ ಹಲಗೆಯ ಮೇಲೆ ಬೀಳುವುದು 580 ಕೆ.ಜಿ. ಮನೆಗೆ ಹೊರಟಾಗ ಬೆಣೆ ತೆಗೆಯುವುದನ್ನು ಮರೆಯುವ ಹಾಗಿಲ್ಲ.

ಆದರೆ ಬರೀ ಬಲದ ಕೊರತೆಯಿಂದ ಕಿತ್ತುಹೋಗುವ ಬೆಣೆಗಳು ಕಡಿಮೆ. ಹೆಚ್ಚಿನವು ಹೋಗುವುದು ಮುಂಗಡೆ ಅಂಚಿನಿಂದ. ಮುಂದಿನ ಅಂಚು ದೋಣಿಯ ಮೈಗೆ ಪೂರ್ತಿ ಕೂರದೆ ಬೆರಳು ತೂರುವಷ್ಟು ಸಂದು ಉಳಿದರೆ ನೀರು ಅಲ್ಲಿ ನುಗ್ಗಿ ಹಲಗೆಯ ಹಿಂದೆ ಸೇರಿಕೊಳ್ಳುತ್ತದೆ. ಒತ್ತಿ ಹಿಡಿಯಬೇಕಾದ ನೀರೇ ಸುಲಿದು ಹಾಕುತ್ತದೆ. ಹಲಸಿನ ಹಣ್ಣಿನ ಸಿಪ್ಪೆ ಒಂದು ಕಡೆ ಎದ್ದರೆ ಮುಂದಿನದು ಎಷ್ಟು ಸಲೀಸೋ ಹಾಗೆ. ರಿವರ್ಸ್ ಹಾಕಿದಾಗಲೂ ಆಗುವುದು ಇದೇ. ಬೆಣೆ ಅಂಟಿರುವಾಗ ದೋಣಿಯನ್ನು ಹಿಂದಕ್ಕೆ ಓಡಿಸಬೇಡಿ.

ಈಗ ಮಾಡುವ ಬಗೆ. ಮೂರು ಮೂಲೆಯ ದಪ್ಪ ಬೆಣೆಯ ಬದಲು ಒಂದು ಹಲಗೆ, ಅದರ ಹಿಂದೆ ಎರಡು ಕಪ್ಪು, ಇಷ್ಟು ಸಾಕು. ಗಾಜಿನ ಕೆಲಸದವರು ದೊಡ್ಡ ಗಾಜುಗಳನ್ನು ಎತ್ತಲು ಬಳಸುವ ಪಂಪ್ ಇರುವ ವ್ಯಾಕ್ಯೂಮ್ ಕಪ್ಪು ಕೊಳ್ಳಿ, 15 ಸೆಂ.ಮೀ. ಅಗಲದ್ದು. ಅದರ ಪಂಪಿನ ಕಡ್ಡಿಯ ಮೇಲೆ ಕೆಂಪು ಗೆರೆ ಇರುತ್ತದೆ. ಹಿಡಿತ ಸಡಿಲವಾದರೆ ಗೆರೆ ಹೊರಗೆ ಕಾಣುತ್ತದೆ. ಈ ಕೆಂಪು ಗೆರೆಗಾಗಿಯೇ ನಾನು ಈ ಕಪ್ಪುಗಳನ್ನು ಹೇಳುವುದು, ಅಗ್ಗದ ಕಪ್ಪುಗಳು ಬಿಡುವ ಮುಂಚೆ ಏನೂ ಹೇಳುವುದಿಲ್ಲ. ಇಂಥ ಎರಡು ಕಪ್ಪುಗಳಲ್ಲಿ ಮುಕ್ಕಾಲಿಗೆ ಹತ್ತಿರದ ನಿರ್ವಾತ ಸಿಕ್ಕರೂ ಒಟ್ಟು 250 ಕೆ.ಜಿ. ಹಿಡಿತ, ಜೊತೆಗೆ ನೀರಿನದೇ ಒತ್ತು. ಹಿಂದಕ್ಕೆಳೆಯುವ 50 ಕೆ.ಜಿ.ಗೆ ಎದುರಾಗಿ ಎರಡು ಪಟ್ಟಿಗೂ ಮೀರಿದ ಭದ್ರತೆ ಆಯಿತು.

ಹಲಗೆಗೆ 12 ಮಿ.ಮೀ. ದಪ್ಪದ ಮರೀನ್ ಪ್ಲೈವುಡ್ ತನ್ನಿ, ಬಿಎಸ್ 1088 ಎಂಬ ಗುರುತು ಇದ್ದದ್ದಾದರೆ ನಂಬಬಹುದು. ಅಡುಗೆಮನೆಯ ಪ್ಲಾಸ್ಟಿಕ್ ಕತ್ತರಿಸುಮಣೆಯಂಥ ಎಚ್‌ಡಿಪಿಇ ಹಾಳೆಯನ್ನು ಕೆಲವರು ಮೆಚ್ಚುತ್ತಾರೆ, ಕೊಳೆಯುವುದಿಲ್ಲ ನಿಜ, ಆದರೆ ಅದಕ್ಕೆ ಎರಡು ದ್ರವ ಬೆರೆಸಿ ಬಳಿಯುವ ಎಪಾಕ್ಸಿಯೂ ಅಂಟುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಪ್ಲೈವುಡ್ಡಿನ ಅಂಚುಗಳೇ ಅದರ ದುರ್ಬಲ ಜಾಗ. ಉಪ್ಪುಕಾಗದದಿಂದ ಉಜ್ಜಿ ಅಂಚಿಗೆ ಎಪಾಕ್ಸಿಯನ್ನು ಅದು ಕುಡಿಯುವಷ್ಟೂ ಕುಡಿಸಿ, ಆಮೇಲೆ ಇಡೀ ಹಲಗೆಗೆ ಮೂರು ಕೋಟು ಕೊಡಿ. ಬೋಲ್ಟಿನ ತೂತುಗಳನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟು ಮರವನ್ನು ಮುಟ್ಟುವುದಿಲ್ಲ, ನೀರಿಗೆ ದಾರಿ ಸಿಗುವುದಿಲ್ಲ. ಬೋಲ್ಟು 316 ದರ್ಜೆಯ ಸ್ಟೇನ್‌ಲೆಸ್ ಇರಲಿ. ಎಪಾಕ್ಸಿ ಬಿಸಿಲಿಗೆ ಕೆಡುತ್ತದೆ, ಮೇಲೆ ಬಣ್ಣ ಹೊಡೆಯಲೇಬೇಕು. ಕಿತ್ತಳೆ ಬಣ್ಣ ಹೊಡೆಯಿರಿ, ನೀರಿಗೆ ಬಿದ್ದಾಗ ಕಾಣಬೇಕು.

ಮೂಲೆಗಳನ್ನು ದುಂಡಗೆ ಮಾಡಿ. ಮುಂದಿನ ಅಂಚನ್ನು ಒಳಮೈಯಿಂದ ಕೀಸಿ ಚಪ್ಪಟೆ ಮಾಡಿ, ಅದರ ಉದ್ದಕ್ಕೂ ಮೆತ್ತನೆಯ ಇವಿಎ ಫೋಮಿನ ಪಟ್ಟಿ ಅಂಟಿಸಿ. ದೋಣಿಯ ಮೈಗೂ ಗೀರು ಬೀಳದು, ಸಂದೂ ಮುಚ್ಚುತ್ತದೆ. ಕಪ್ಪುಗಳನ್ನು ಒಂದರ ಕೆಳಗೊಂದು, ಮುಂದಿನ ಅಂಚಿನಿಂದ 27 ಸೆಂ.ಮೀ. ಹಿಂದಕ್ಕೆ ಕೂರಿಸಿ. ಆ ಜಾಗದಲ್ಲಿ ಹಲಗೆ ಮೈಯಿಂದ 9 ಸೆಂ.ಮೀ. ದೂರ ನಿಂತರೆ ಓರೆ 20 ಡಿಗ್ರಿಗೆ ಹತ್ತಿರ ಬರುತ್ತದೆ. ನಿಮ್ಮ ಕಪ್ಪಿನ ಹಿಡಿಕೆಯ ಎತ್ತರ ಅಳೆದುಕೊಂಡು ಈ ಅಂತರ ಹೊಂದಿಸಿಕೊಳ್ಳಿ. ಹಲಗೆ ಓರೆ, ಕಪ್ಪು ದೋಣಿಯ ಮೈಗೆ ನೇರ, ಇವೆರಡರ ನಡುವೆ ಅದೇ 20 ಡಿಗ್ರಿಗೆ ಕೊಯ್ದ ಗಟ್ಟಿಮರದ ತುಂಡು ಬೇಕು. ಅದನ್ನು ಹಾಕದೆ ಬೋಲ್ಟು ಬಿಗಿದರೆ ಕಪ್ಪು ಒಂದು ಕಡೆಗೆ ಎಳೆದುಕೊಂಡು ಸದಾ ಗಾಳಿ ಬಿಡುತ್ತಿರುತ್ತದೆ. ಪಂಪಿನ ಕಡ್ಡಿಗೆ ಕೈ ಎಟುಕುವಂತೆ, ಕೆಂಪು ಗೆರೆ ಕಾಣುವಂತೆ ಹಲಗೆಯಲ್ಲಿ ಕಿಂಡಿ ಬಿಡಿ.

20 ಡಿಗ್ರಿ ಯಾಕೆ? ಅದಕ್ಕಿಂತ ಕಡಿಮೆ ಓರೆಯಲ್ಲಿ ಹಳೆಯ ದೋಣಿಗಳಿಗೆ ನೀರು ಸಾಕಷ್ಟು ಹೊರಗೆ ತಿರುಗುವುದಿಲ್ಲ. ಹೆಚ್ಚು ಮಾಡಿದರೆ ಎಳೆತವೇ ಹೆಚ್ಚುತ್ತದೆ, ಹಲಗೆಯ ಹಿಂದೆ ಸುಳಿ ಎದ್ದು ಅಲೆಗೆ ಉಪಕಾರವಾಗುವುದಿಲ್ಲ. ಇದು ನನ್ನ ಕೈಯ ಅನುಭವದ ಮಾತು. ನಿಮ್ಮ ದೋಣಿಗೆ 17 ಅಥವಾ 23 ಒಗ್ಗಬಹುದು, ಆದ್ದರಿಂದ ಆ ಮರದ ತುಂಡುಗಳನ್ನು ಎರಡು ಮೂರು ಓರೆಗಳಲ್ಲಿ ಕೊಯ್ದಿಟ್ಟುಕೊಳ್ಳಿ.

ಹಲಗೆಯ ಹಿಂದಿನ ಖಾಲಿ ಜಾಗಕ್ಕೆ ಮುಚ್ಚಿದ ರಂಧ್ರದ ಫೋಮ್, ಕಟ್ಟಡದ ಕೆಲಸಕ್ಕೆ ಬರುವ ಗಟ್ಟಿ ಪಾಲಿಸ್ಟೈರಿನ್ ಹಾಳೆ ಸಾಕು, ಮೂರು ಲೀಟರ್ ಪ್ರಮಾಣದಷ್ಟಾದರೂ ತುಂಬಿ ಎಪಾಕ್ಸಿಯಿಂದ ಅಂಟಿಸಿ. ಪಾಲಿಯೆಸ್ಟರ್ ರೆಸಿನ್ ತಾಗಿಸಬೇಡಿ, ಆ ಫೋಮ್ ಕರಗಿಹೋಗುತ್ತದೆ. ಕಪ್ಪು, ಬೋಲ್ಟು ಎಲ್ಲ ಸೇರಿಸಿದ ಮೇಲೆ ಸ್ನಾನದ ತೊಟ್ಟಿಯಲ್ಲಿ ಬಿಟ್ಟು ನೋಡಿ. ಒಂದು ಮೂಲೆ ನೀರಿನಿಂದ ಮೇಲೆ ಎದ್ದು ತೇಲಬೇಕು. ನೀರಿನ ಮಟ್ಟಕ್ಕೆ ಸರಿಯಾಗಿ ತೇಲಿದರೆ ಸಾಲದು, ಅರ್ಧ ಮುಳುಗಿದ ಹಲಗೆ ಹಿಂದೆ ಬರುವ ಇನ್ನೊಂದು ದೋಣಿಗೆ ಮರದ ದಿಮ್ಮಿಯಷ್ಟೇ ಅಪಾಯ.

ಹಗ್ಗದ ವಿಷಯದಲ್ಲಿ ನನಗೆ ಆದದ್ದನ್ನು ಹೇಳುತ್ತೇನೆ. ನಾನು ಮಾಡಿದ ಎರಡನೆಯ ಬೆಣೆಗೆ, ಕಳೆದುಹೋಗಬಾರದೆಂದು, ಆರು ಅಡಿಯ ಹಗ್ಗ ಕಟ್ಟಿ ಹಿಂದಿನ ಗೂಟಕ್ಕೆ ಬಿಗಿದಿದ್ದೆ. ತಿರುವಿನಲ್ಲಿ ಬೆಣೆ ಬಿಟ್ಟಿತು. ನೀರು ಅದನ್ನು ಹಿಂದಕ್ಕೆ ಒಯ್ಯುತ್ತದೆ ಎಂದು ನಾನು ಎಣಿಸಿದ್ದೆ. ದೋಣಿ ನಿಧಾನವಾದಾಗ ಅದು ಅಡಿಗೆ ಸೇರಿತು, ಹಗ್ಗ ಪ್ರೊಪೆಲರಿನ ಶಾಫ್ಟಿಗೆ ಸುತ್ತಿ ಎಂಜಿನ್ ನಿಂತಿತು. ನನ್ನ ಅಣ್ಣನ ಮಗಳು ಆಗ ನೀರಿನಲ್ಲಿದ್ದಳು. ಅವಳು ದೂರದಲ್ಲಿದ್ದಳು, ಏನೂ ಆಗಲಿಲ್ಲ, ಆದರೆ ಗಾಳಿಗೆ ತೇಲುವ, ಎಂಜಿನ್ ಇಲ್ಲದ ದೋಣಿಯಿಂದ ಅವಳನ್ನು ನೋಡುತ್ತಾ ನಿಂತ ಹತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ಅಂದಿನಿಂದ ನನ್ನ ನಿಯಮ ಇದು: ಹಗ್ಗ ಬೆಣೆಯನ್ನು ಪ್ರೊಪೆಲರಿನವರೆಗೆ ಬಿಡದಷ್ಟು ಗಿಡ್ಡ ಇರಬೇಕು. ದೋಣಿ ದಡದ ಟ್ರೇಲರಿನ ಮೇಲಿರುವಾಗಲೇ ಹಗ್ಗ ಕಟ್ಟಿ, ಬೆಣೆಯನ್ನು ಕೈಯಲ್ಲಿ ಹಿಡಿದು, ಪ್ರೊಪೆಲರಿನ ಕಡೆಗೆ ಚಾಚಿ ನೋಡಿ. ಒಂದು ಅಡಿಯಾದರೂ ಅಂತರ ಉಳಿಯಬೇಕು. ಉಳಿಯುವ ಹಾಗೆ ಕಟ್ಟಲು ಜಾಗ ಸಿಗದಿದ್ದರೆ ಹಗ್ಗವೇ ಬೇಡ, ತೇಲಲು ಬಿಡಿ, ಹಿಂದೆ ಹೋಗಿ ಎತ್ತಿಕೊಳ್ಳಬಹುದು.

ಅಂಟಿಸುವ ಜಾಗ: ಬಲಬದಿಯ ಮೈ, ಹಿಂಬದಿಯ ಮೂಲೆಗೆ ಸಾಧ್ಯವಾದಷ್ಟು ಹತ್ತಿರ. ಕೆಳ ಅಂಚು ದೋಣಿಯ ಮೈ ಒಳಕ್ಕೆ ಮಡಿಯುವ ಗೆರೆಗಿಂತ ಸ್ವಲ್ಪ ಮೇಲೆ, ಮೇಲಿನ ಅಂಚು ಓಡುವಾಗ ನೀರಿನಿಂದ ನಾಲ್ಕು ಬೆರಳು ಹೊರಗೆ. ಹಳೆಯ ದೋಣಿಗಳಲ್ಲಿ ತಳದ ನೀರು ಹೊರಹಾಕುವ ಬಿಲ್ಜ್ ಪಂಪಿನ ಬಾಯಿ ಹಲವು ಸಲ ಇಲ್ಲೇ ಇರುತ್ತದೆ, ಅದನ್ನು ಬೆಣೆಯಿಂದ ಮುಚ್ಚಬೇಡಿ. ಅಂಟಿಸುವ ಮುಂಚೆ ಮೈಯನ್ನು ಒರೆಸಿ, ಮೇಣದ ಪಾಲಿಶ್ ಇದ್ದರೆ ಆ ಜಾಗದಲ್ಲಿ ತೆಗೆದುಬಿಡಿ. ಒಪ್ಪುವ ಜಾಗ ಸಿಕ್ಕಮೇಲೆ ಮಾಸ್ಕಿಂಗ್ ಟೇಪಿನಿಂದ ಗುರುತು ಹಾಕಿಕೊಳ್ಳಿ. ಎರಡು ಬೆರಳಿನಷ್ಟು ಹಿಂದೆ ಮುಂದೆ ಆದರೂ ಅಲೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಬೆಣೆ ಬಲಕ್ಕಿದ್ದಾಗ ದೋಣಿಯ ಮೂತಿ ಬಲಕ್ಕೆ ತಿರುಗಲು ನೋಡುತ್ತದೆ, ಚುಕ್ಕಾಣಿಯನ್ನು ಎಡಕ್ಕೆ ಸ್ವಲ್ಪ ಹಿಡಿದೇ ಓಡಿಸಬೇಕು. ಅದು ದೋಷವಲ್ಲ, ಬೆಣೆ ಕೆಲಸ ಮಾಡುತ್ತಿದೆ ಎಂಬುದರ ಗುರುತು.

ಆದರೆ ಇಷ್ಟೆಲ್ಲ ಮಾಡಿ ಖಾಲಿ ದೋಣಿ ಓಡಿಸಿದರೆ ನುಣುಪಾದ ಪುಟ್ಟ ಅಲೆ ಸಿಗುತ್ತದೆ, ಅಷ್ಟೇ. ಮಗನನ್ನು ಹಗ್ಗವಿಲ್ಲದೆ ತಳ್ಳಿಕೊಂಡು ಹೋಗುವ ಶಕ್ತಿ ಅದಕ್ಕೆ ಇರುವುದಿಲ್ಲ. ತೂಕ ಬೇಕು. ಹಿಂದಿನ ಎರಡೂ ಮೂಲೆಗಳಿಗೆ ಒಂದೊಂದು ನೀರಿನ ಚೀಲ, ಮೂತಿಯಲ್ಲಿ ಒಂದು ಚಿಕ್ಕದು. ಬೆಣೆ ಇರುವುದರಿಂದ ದೋಣಿಯನ್ನು ವಾಲಿಸಬೇಕಾಗಿಲ್ಲ, ಎಡಬದಿಗೆ ಅಲ್ಪಸ್ವಲ್ಪ ಹೆಚ್ಚು ಸಾಕು. ಹಿಂದಿನ ತೂಕ ಅಲೆಯನ್ನು ಎತ್ತರ ಮಾಡುತ್ತದೆ, ಮುಂದಿನ ತೂಕ ಉದ್ದ ಮಾಡುತ್ತದೆ. 750 ಪೌಂಡಿನ ಚೀಲವೆಂದರೆ 340 ಕೆ.ಜಿ., ದಪ್ಪನೆಯ ನಾಲ್ವರು ದೊಡ್ಡವರು ಒಂದೇ ಮೂಲೆಯಲ್ಲಿ ಕೂತ ಹಾಗೆ. ದೋಣಿಯ ಮೇಲೆ ತೂಕದ ಮಿತಿ ಬರೆದ ಪಟ್ಟಿ ಇದ್ದರೆ ಓದಿ. 20 ಅಡಿಗಿಂತ ಚಿಕ್ಕ ದೋಣಿಗಳಿಗೆ ಅಮೆರಿಕದಲ್ಲಿ ಅದು ಕಡ್ಡಾಯ. ನಿಮ್ಮದರಲ್ಲಿ ಇಲ್ಲದಿದ್ದರೆ ಮಾಲೀಕರ ಕೈಪಿಡಿಯಲ್ಲಿ ಹುಡುಕಿ. ಚೀಲದ ನೀರೂ ಆ ಮಿತಿಯೊಳಗೇ ಲೆಕ್ಕ, ಒಂದು ಚೀಲ ತುಂಬಿದರೆ ನಾಲ್ವರು ನೆಂಟರು ದಡದಲ್ಲಿ ಉಳಿಯಬೇಕು. ಚೀಲವನ್ನು ಅರ್ಧ ತುಂಬಬೇಡಿ, ತಿರುವಿನಲ್ಲಿ ನೀರೆಲ್ಲ ಒಂದೇ ಕಡೆಗೆ ಓಡುತ್ತದೆ. ತುಂಬಿದರೆ ಪೂರ್ತಿ, ಇಲ್ಲದಿದ್ದರೆ ಖಾಲಿ.

ತೂಕ ತುಂಬಿದ ದೋಣಿ ಮುಳುಗುವ ಅಪಾಯಕ್ಕೆ ಬೀಳುವುದು ಓಡುವಾಗಲ್ಲ, ಬಿದ್ದವರನ್ನು ಎತ್ತಿಕೊಳ್ಳಲು ತಿರುಗುವಾಗ. ನಾವೇ ಎಬ್ಬಿಸಿದ ಅಲೆಗೆ ನಾವೇ ಮೂತಿ ಕೊಟ್ಟು, ನಿಲ್ಲಿಸಿದ ಕೂಡಲೇ ನೀರು ಮೂತಿಯ ಮೇಲಿಂದ ಒಳಬರುತ್ತದೆ. ಮಗ ಬಿದ್ದರೆ ಥಟ್ಟನೆ ತಿರುಗಿಸಬೇಡಿ. ವೇಗ ಇಳಿಸಿ, ಅಲೆ ಮುಂದೆ ಹಾದುಹೋಗಲು ಬಿಟ್ಟು, ನಿಧಾನವಾಗಿ ಸುತ್ತಿ ಬನ್ನಿ. ಮೂತಿಯಲ್ಲಿ ಕೂತವರನ್ನು ಅಷ್ಟರಲ್ಲಿ ಹಿಂದಕ್ಕೆ ಕರೆಯಿರಿ.

ವೇಗವನ್ನು ಫೋನಿನ ಜಿಪಿಎಸ್‌ನಲ್ಲಿ ನೋಡಿ. ಆ ಕಾಲದ ದೋಣಿಗಳ ಮೀಟರು ಇಷ್ಟು ಕಡಿಮೆ ವೇಗದಲ್ಲಿ ನಂಬುವ ಹಾಗಿಲ್ಲ. 10ರಿಂದ ಶುರುಮಾಡಿ ಕಾಲು ಕಾಲು ಮೈಲಿ ಏರಿಸಿ. ನಿಧಾನವಾದಷ್ಟೂ ಅಲೆ ಕಡಿದಾಗಿ ಬೇಗ ಮುರಿಯುತ್ತದೆ, ವೇಗ ಏರಿದಷ್ಟೂ ಉದ್ದವಾಗಿ ಚಪ್ಪಟೆಯಾಗುತ್ತದೆ.

ಆಳದ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಪ್ರಿಯವಾದ ವಿಷಯ, ಎರಡು ಮಾತು ಹೇಳುತ್ತೇನೆ. ದೋಣಿಯ ಬೆನ್ನಿಗೆ ಅಡ್ಡಲಾಗಿ ಬರುವ ಅಲೆ ದೋಣಿಯ ವೇಗದಲ್ಲೇ ಓಡಬೇಕು, ಓಡದಿದ್ದರೆ ಹಿಂದುಳಿದುಬಿಡುತ್ತದೆ. ಆಳದ ನೀರಿನಲ್ಲಿ ಗಂಟೆಗೆ 11 ಮೈಲಿ ಓಡುವ ಅಲೆಯ ಒಂದು ನೆತ್ತಿಯಿಂದ ಇನ್ನೊಂದು ನೆತ್ತಿಗೆ ಸುಮಾರು 15.5 ಮೀಟರ್ ಇರುತ್ತದೆ. ಅದರ ಅರ್ಧಕ್ಕಿಂತ, ಅಂದರೆ ಹತ್ತಿರ ಹತ್ತಿರ 25 ಅಡಿಗಿಂತ ಆಳ ಕಡಿಮೆಯಾದರೆ ಅಲೆಗೆ ತಳ ತಾಗಲು ಶುರುವಾಗಿ ಅದರ ಆಕಾರ ಬದಲಾಗುತ್ತದೆ. ನಿನ್ನೆ ಚೆನ್ನಾಗಿದ್ದ ಅಲೆ ಇವತ್ತು ಯಾಕೆ ಹೀಗೆ ಎಂದು ಬೆಣೆಯನ್ನು ದೂರುವ ಮುಂಚೆ ಆಳ ತೋರಿಸುವ ಮೀಟರ್ ನೋಡಿ. ಲೇಕ್ ಟ್ರಾವಿಸ್ ಅಣೆಕಟ್ಟಿನ ನೀರು. ತುಂಬಿದಾಗ ಸಮುದ್ರಮಟ್ಟದಿಂದ 681 ಅಡಿ, ಬರಗಾಲದಲ್ಲಿ ಹತ್ತಾರು ಅಡಿ ಇಳಿಯುತ್ತದೆ. ನೀರು ಇಳಿದಾಗ ಮಾತ್ರ ಮೇಲೇಳುವ ‘ಸಮ್‌ಟೈಮ್ಸ್ ಐಲೆಂಡ್ಸ್’ ಅಲ್ಲಿರುವುದು ನಿಮಗೆ ಗೊತ್ತೇ ಇದೆ. ಕಳೆದ ವರ್ಷದ ಆಳ ಈ ವರ್ಷ ಇರಲಾರದು.

ಅಲೆ ದಡಕ್ಕೂ ಹೋಗುತ್ತದೆ. ಮಿನೆಸೋಟ ವಿಶ್ವವಿದ್ಯಾಲಯದ ಸೇಂಟ್ ಆಂಥನಿ ಫಾಲ್ಸ್ ಪ್ರಯೋಗಾಲಯದವರು ಸರೋವರದಲ್ಲಿ ದೋಣಿಗಳನ್ನು ಓಡಿಸಿ ಅಳೆದು 2022ರಲ್ಲಿ ವರದಿ ಕೊಟ್ಟರು. ಸಾಮಾನ್ಯ ದೋಣಿಯ ಅಲೆ 200 ಅಡಿಯಲ್ಲಿ ಇಳಿಯುವ ಮಟ್ಟಕ್ಕೆ ಸರ್ಫಿಂಗ್ ಅಲೆ ಇಳಿಯಲು 500 ಅಡಿಗೂ ಹೆಚ್ಚು ದೂರ ಬೇಕು ಎಂಬುದು ಅವರ ಅಳತೆ. ವರ್ಮಾಂಟ್ ರಾಜ್ಯ 2024ರಲ್ಲಿ ಮಾಡಿದ ನಿಯಮವೂ ದಡದಿಂದ 500 ಅಡಿ, ಆಳ 20 ಅಡಿ ಎನ್ನುತ್ತದೆ. ನಿಮ್ಮಲ್ಲಿ ನಿಯಮ ಇರಲಿ ಬಿಡಲಿ, ಈ 500 ಅಡಿಯನ್ನು ಮನಸ್ಸಿನಲ್ಲಿಡಿ. ದಡದ ಕಟ್ಟೆಗೆ ಕಟ್ಟಿದ ದೋಣಿಗಳು, ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ಮಕ್ಕಳು ಅಲ್ಲಿರುತ್ತಾರೆ.

ಹೊಗೆಯ ವಿಷಯ ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ಪೆಟ್ರೋಲ್ ಎಂಜಿನ್‌ನ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅದು ಹಿಂಬದಿಯಲ್ಲೇ, ನೀರಿನ ಮಟ್ಟದಲ್ಲೇ ಸುಳಿದಾಡುತ್ತದೆ. 2000ದಲ್ಲಿ ಲೇಕ್ ಪೊವೆಲ್‌ನಲ್ಲಿ ಹೌಸ್‌ಬೋಟಿನ ಹಿಂಬದಿಯಲ್ಲಿ ನೀರಿಗಿಳಿಯಲು ಇರುವ ಹಲಗೆಯ ಕೆಳಗೆ ಈಜುತ್ತಿದ್ದ ಇಬ್ಬರು ಸಹೋದರರು ಇದರಿಂದ ಸತ್ತ ಮೇಲೆ ಈ ಅಪಾಯ ಎಲ್ಲರ ಗಮನಕ್ಕೆ ಬಂತು. ಎಂಜಿನ್ ಓಡುವಾಗ ಹಿಂಬದಿಯ ಹಲಗೆಯ ಮೇಲೆ ಯಾರೂ ಕೂರಬಾರದು, ಹಿಡಿದುಕೊಂಡು ತೇಲಬಾರದು. ಬೆಣೆ ಅಂಟಿಸುವಾಗ, ತೆಗೆಯುವಾಗ ಎಂಜಿನ್ ನಿಲ್ಲಿಸಿ, ಕೀಲಿಕೈಯನ್ನು ಜೇಬಿಗೆ ಹಾಕಿಕೊಳ್ಳಿ. ಮಗನಿಗೆ ತಲೆನೋವು, ವಾಂತಿ ಬರುವ ಹಾಗೆ ಅನಿಸಿದರೆ ಬಿಸಿಲು ಎಂದು ಸುಮ್ಮನಾಗಬೇಡಿ. ಹೊಗೆಯನ್ನು ನೀರಿನಡಿಗೆ ಇಳಿಸುವ ಕೊಳವೆಗಳು ಹಳೆಯ ದೋಣಿಗಳಿಗೂ ಸಿಗುತ್ತವೆ. ಮೋಟಾರಿನ ಗೇಟಿಗೆ ಎತ್ತಿಟ್ಟ ಹಣವನ್ನು ಮೊದಲು ಇದಕ್ಕೆ ಖರ್ಚು ಮಾಡಿ ಎಂಬುದು ನನ್ನ ಮಾತು.

ಆ ಗೇಟಿನ ಬಗ್ಗೆ ಹೇಳುತ್ತೇನೆ ಎಂದಿದ್ದೆ. ಅಂಟಿಸಿದ ಬೆಣೆಯ ಒಳ್ಳೆಯ ಗುಣವೆಂದರೆ ಮಿತಿ ಮೀರಿದಾಗ ಅದು ಬಿಟ್ಟುಬಿಡುತ್ತದೆ. ಬೋಲ್ಟು ಹೊಡೆದ ಗೇಟ್ ಬಿಡುವುದಿಲ್ಲ. 22 ಮೈಲಿಯಲ್ಲಿ ಒಂದು ಬದಿಯ ಗೇಟ್ ಚಾಚಿಯೇ ಉಳಿದರೆ ಅಷ್ಟೂ ಬಲ ದೋಣಿಯನ್ನು ಒಂದು ಕಡೆಗೆ ತಿರುಚುತ್ತದೆ, ಅಥವಾ ಇಪ್ಪತ್ತು ವರ್ಷ ಹಳೆಯ ಫೈಬರಿನಿಂದ ಬೋಲ್ಟುಗಳನ್ನೇ ಕಿತ್ತು, ನೀರಿನ ಮಟ್ಟಕ್ಕಿಂತ ಕೆಳಗೆ ನಾಲ್ಕು ತೂತು ಉಳಿಸುತ್ತದೆ. ಕಂಪನಿಗಳ ವ್ಯವಸ್ಥೆಯಲ್ಲಿ ವೇಗ ನೋಡಿ ತಾನೇ ಮಡಚಿಕೊಳ್ಳುವ ಏರ್ಪಾಡು, ಒಳಗಿನಿಂದ ಬಲ ಕೊಟ್ಟ ಹಿಂಬದಿ, ಇವೆಲ್ಲ ಇರುತ್ತವೆ. ಸ್ವಿಚ್ಚು, ರಿಲೇ, ಮೋಟಾರುಗಳನ್ನು ಎಂಜಿನ್ ಕೋಣೆಯಲ್ಲಿ ಇಡುವುದಾದರೆ ಪ್ರತಿಯೊಂದೂ ಕಿಡಿ ಹೊರಬಿಡದ ದೃಢೀಕೃತ ಮರೀನ್ ಸಾಮಾನೇ ಆಗಬೇಕು. ಪೆಟ್ರೋಲ್ ಆವಿ ತುಂಬಿದ ಕೋಣೆಯಲ್ಲಿ ಕಾರಿನ ರಿಲೇ ಒಂದು ಸಾಕು. ನೀರು ತುಂಬುವ ಪಂಪಿಗೂ ಇದೇ ಮಾತು. ಒಂದು ಸೀಸನ್ ಅಂಟಿಸುವ ಬೆಣೆಯಲ್ಲೇ ಕಳೆಯಿರಿ. ಜಾಗ, ಓರೆ, ತೂಕ ನಿಮ್ಮ ದೋಣಿಗೆ ಯಾವುದೆಂದು ಅಷ್ಟರಲ್ಲಿ ಖಚಿತವಾಗುತ್ತದೆ. ಆಮೇಲೂ ಬೋಲ್ಟ್ ಬೇಕೆನಿಸಿದರೆ ಫೈಬರ್ ಕೆಲಸ ಬಲ್ಲವರಿಂದ ಹಿಂಬದಿಯನ್ನು ಪರೀಕ್ಷೆ ಮಾಡಿಸಿ, ಆಗ ಮಾತಾಡೋಣ.

ದಡಕ್ಕೆ ಬಂದಾಗ ಚೀಲದ ನೀರನ್ನು ಕೊನೆಯ ಹನಿಯವರೆಗೂ ಅಲ್ಲೇ ಬಿಡಿ. ಲೇಕ್ ಟ್ರಾವಿಸ್‌ನಲ್ಲಿ 2017ರಿಂದ ಜೀಬ್ರಾ ಮಸೆಲ್ ಎಂಬ ಚಿಪ್ಪುಜೀವಿ ಸೇರಿಕೊಂಡಿದೆ, ಅದರ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಚೀಲದಲ್ಲಿ ಉಳಿದ ನೀರಿನೊಂದಿಗೆ ಮುಂದಿನ ವಾರ ಬೇರೆ ಕೆರೆಗೆ ಹೋಗಿಬಿಡುತ್ತವೆ. ಟೆಕ್ಸಸ್‌ನಲ್ಲಿ ದೋಣಿಯ ನೀರನ್ನೆಲ್ಲ ಖಾಲಿ ಮಾಡುವುದು ಕಾನೂನೇ. ಬೆಣೆಯ ಕಪ್ಪಿನ ಪಂಪುಗಳನ್ನೂ ಶುದ್ಧ ನೀರಿನಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಎರಡನೇ ತಿಂಗಳಿಗೆ ಅಂಟಿಕೊಳ್ಳುತ್ತವೆ.

ಮೊದಲ ದಿನ ಮಗನನ್ನು ನೀರಿಗಿಳಿಸಬೇಡಿ, ದೋಣಿಯಲ್ಲೇ ಕೂರಿಸಿಕೊಳ್ಳಿ. ಬೆಣೆಯಿಲ್ಲದೆ ಒಂದು ಸುತ್ತು, ಬಲಕ್ಕೆ ಬೆಣೆ ಹಾಕಿ ಒಂದು ಸುತ್ತು, ಅದೇ ವೇಗ, ಅದೇ ತೂಕ, ಅದೇ ಜಾಗ. ಮೇಲಿನ ಟವರಿಗೆ ಫೋನ್ ಕಟ್ಟಿ ಹಿಂಬದಿಯ ನೀರನ್ನು ವಿಡಿಯೊ ಮಾಡಿ. ಎಡಬದಿಯಲ್ಲಿ ನೊರೆ ಶುರುವಾಗುವ ಜಾಗ ಹಿಂಬದಿಯ ಹಲಗೆಯಿಂದ ಎಷ್ಟು ಅಡಿ ಹಿಂದಕ್ಕೆ ಸರಿದಿದೆ ಎಂಬುದೊಂದನ್ನೇ ನೋಡಿ. ಎರಡೂ ವಿಡಿಯೊ ಕಳಿಸಿದರೆ ಓರೆ ಹೆಚ್ಚಿಸಬೇಕೋ ತೂಕ ಸರಿಸಬೇಕೋ ಎಂದು ನಾನು ಹೇಳಬಲ್ಲೆ.